ಮಗನನ್ನು ಶಾಲೆ ಬಿಡಿಸಿದ ಮೇಲೆ

ಸಹೋದರಿಯರೇ, ತಾಯಿಗಿಂತ ದೊಡ್ಡ ಗುರು ಇಲ್ಲ ಎಂಬ ಮಾತನ್ನು ನಾವೆಲ್ಲ ಎಷ್ಟು ಸಲ ಕೇಳಿಲ್ಲ? ಶಾಲೆಯ ಗ್ಯಾದರಿಂಗಿಗೆ ಬಂದ ಅತಿಥಿಗಳು ಆ ಮಾತು ಹೇಳದೆ ವೇದಿಕೆ ಇಳಿಯುವುದೇ ಇಲ್ಲ. ನಾವೂ ಸಂತೋಷದಿಂದ ಚಪ್ಪಾಳೆ ತಟ್ಟುತ್ತೇವೆ. ಆದರೆ ಒಬ್ಬ ತಾಯಿ ಆ ಮಾತನ್ನು ಖರೇ ಎಂದು ನಂಬಿ, ಮಗನನ್ನು ಶಾಲೆ ಬಿಡಿಸಿ ತಾನೇ ಕಲಿಸಲು ಕುಳಿತಳೆಂದರೆ ಓಣಿಯಲ್ಲೆಲ್ಲ ಒಂದೇ ಪ್ರಶ್ನೆ: "ಯಾಕವಾ, ಹುಡುಗಗ ಏನಾಗೇದ?"

ಹುಡುಗನಿಗೆ ಏನೂ ಆಗಿಲ್ಲ. ನಾನು ಹುಬ್ಬಳ್ಳಿಯ ಒಬ್ಬ ಸಾಮಾನ್ಯ ಗೃಹಿಣಿ. ಓದಿದ್ದು ಹೈಸ್ಕೂಲಿನವರೆಗೆ. ಮನೆಯಲ್ಲಿ ಅತ್ತೆ, ಮಾವ, ಅಂಗಡಿ ನೋಡಿಕೊಳ್ಳುವ ಯಜಮಾನರು, ಕಾಲೇಜಿಗೆ ಹೋಗುವ ಮಗಳು, ಮತ್ತು ಈ ಮಗ. 2021ರ ಕೊನೆಯಿಂದ ಇವನ ಶಾಲೆ ಎಂದರೆ ನಮ್ಮ ಪಡಸಾಲೆ, ಅಡಿಗೆಮನೆ ಮತ್ತು ಊರು. ನೀವೆಲ್ಲ ಹೀಗೆಯೇ ಮಾಡಿರಿ ಎಂದು ಹೇಳುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಮನೆಯಲ್ಲಿ ಕಲಿಸುವುದೆಂದರೆ ದಿನ ಹೇಗೆ ಕಳೆಯುತ್ತದೆ, ಅದಕ್ಕೆ ತಾಯಿ ಎಷ್ಟು ಬೆಲೆ ಕೊಡಬೇಕು, ಮುಂದೆ ಮಗುವಿಗೆ ಪರೀಕ್ಷೆಯ ದಾರಿ ಯಾವುದು ಎಂದು ಕೇಳುವವರು ಬಹಳ ಜನ. ಅವರಿಗೆಲ್ಲ ಒಟ್ಟಿಗೆ ಉತ್ತರ ಹೇಳಿದಂತಾಗಲಿ ಎಂದು ಈ ಲೇಖನ.

ಶಾಲೆ ಬಿಡಿಸಿದ್ದೇಕೆ?

2020ರ ಮಾರ್ಚಿನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಮಗ ಎರಡನೆಯ ಇಯತ್ತೆಯಲ್ಲಿದ್ದ. ಇಂಗ್ಲಿಷ್ ಮೀಡಿಯಂ. ಆ ವರ್ಷ ಜುಲೈ ತಿಂಗಳಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಶುರುವಾದವು. ಅವು ಆಗ 8ರಿಂದ 10ನೆಯ ತರಗತಿಯವರಿಗೆ, ಮಗಳಿಗೆ ಅನುಕೂಲವಾಯಿತು. ಆಗಸ್ಟಿನಲ್ಲಿ 'ವಿದ್ಯಾಗಮ' ಎಂದು ಸರಕಾರಿ ಶಾಲೆಯ ಮಾಸ್ತರರು ಗುಡಿಯ ಕಟ್ಟೆಯ ಮೇಲೆ, ಗಿಡದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದರು. ಅದೂ ಅಕ್ಟೋಬರಿನಲ್ಲಿ ನಿಂತಿತು. ನಮ್ಮ ಸಣ್ಣವನ ಪಾಲಿಗೆ ಉಳಿದದ್ದು ಮೊಬೈಲಿನ ಚೌಕದೊಳಗಿನ ಟೀಚರು.

ಪಕ್ಕದಲ್ಲಿ ಕುಳಿತು ನೋಡಿದಾಗ ನನಗೆ ಗೊತ್ತಾಯಿತು, ಹುಡುಗ ಓದುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದ. ಪುಸ್ತಕ ಮುಚ್ಚಿದರೂ ಅವನ ಓದು ನಿಲ್ಲುತ್ತಿರಲಿಲ್ಲ! ಕಣ್ಣು, ಕಿವಿ ಡಾಕ್ಟರರಿಗೆ ತೋರಿಸಿದೆವು. ಎರಡೂ ಸರಿ ಇದ್ದವು. ಮನೆಯ ಮಾತು ಒಂದು, ಪುಸ್ತಕದ ಮಾತು ಇನ್ನೊಂದು; ಶಬ್ದದ ಅರ್ಥವೇ ತಿಳಿಯದ ಮೇಲೆ ಅಕ್ಷರ ಕೈಗೆ ಹತ್ತುವುದು ಹೇಗೆ? ನಾನು ಇಂಗ್ಲಿಷ್ ಪುಸ್ತಕ ಬದಿಗಿಟ್ಟು ಕನ್ನಡ ಅಂಕಲಿಪಿ ತಂದೆ. ದಿನಕ್ಕೆ ನಾಲ್ಕೇ ಅಕ್ಷರ. ದೀಪಾವಳಿಯ ಹೊತ್ತಿಗೆ ಅಂಗಡಿಗಳ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದತೊಡಗಿದ. ಆ ಮುಖ ನೋಡಬೇಕಿತ್ತು ನೀವು!

2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದವು. ಲೆಕ್ಕದ ಪ್ರಕಾರ ಮಗ ನಾಲ್ಕನೆಯ ಇಯತ್ತೆ. ಮೊದಲ ವಾರವೇ ಬೆಳಿಗ್ಗೆ ಎದ್ದರೆ ಹೊಟ್ಟೆನೋವು, ಓಕರಿಕೆ. ರವಿವಾರ ಮಾತ್ರ ಏನೂ ಇಲ್ಲ. ಶಾಲೆಯಲ್ಲಿ ಕೇಳಿದರೆ "ಪೋರ್ಷನ್ ಮುಂದ ಹೋಗೇದ್ರಿ, ಟ್ಯೂಶನ್ ಹಚ್ಚರಿ" ಎಂಬ ಉತ್ತರ. ಅಷ್ಟು ಮಕ್ಕಳ ನಡುವೆ ಆ ಟೀಚರಾದರೂ ಏನು ಮಾಡಿಯಾರು? ಮನೆಯಲ್ಲಿ ಎಂಟು ದಿನ ಇದೇ ಮಾತು ನಡೆಯಿತು. ಕೊನೆಗೆ ಮಾವನವರು ತೀರ್ಮಾನ ಹೇಳಿದರು: "ಒಂದು ವರ್ಷ ನೀನ ಕಲಿಸವಾ. ಹುಡುಗ ಹಿಂದ ಬಿದ್ದರ ತಿರುಗಿ ಶಾಲಿಗೆ ಹಾಕೂದು. ಹಟ ಮಾತ್ರ ಹಿಡೀಬಾರದು." ಆ ಒಂದು ವರ್ಷ ಬೆಳೆಯುತ್ತ ಇಲ್ಲಿಯವರೆಗೆ ಬಂದಿದೆ. ಮಗ ಈಗ ಹದಿಮೂರಕ್ಕೆ ಕಾಲಿಟ್ಟಿದ್ದಾನೆ.

ಮನೆಯಲ್ಲಿ ಕಲಿಯುವುದು ಹೊಸದೇನಲ್ಲ

ನಮ್ಮ ಭಾಗದಲ್ಲಿ ಸರಕಾರಿ ಸಾಲೆಗಳು ಬರುವ ಮುಂಚೆ ಗಾಂವಠಿ ಸಾಲೆಗಳಿದ್ದವು, ಅಯ್ಯಗಳ ಮಠಗಳಿದ್ದವು. ಯಾರದೋ ಮನೆಯ ಪಡಸಾಲೆಯಲ್ಲೋ ಗುಡಿಯಲ್ಲೋ ಮಕ್ಕಳು ಕುಳಿತು ಉಸುಕಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಶಿವರಾಮ ಕಾರಂತರ ಹೆಸರು ನಿಮಗೆಲ್ಲ ಗೊತ್ತು. ಪುತ್ತೂರಿನ ಬಾಲವನದಲ್ಲಿ ಅವರೂ ಅವರ ಪತ್ನಿ ಲೀಲಾ ಕಾರಂತರೂ ತಮ್ಮ ಮಕ್ಕಳನ್ನು ಮೊದಮೊದಲು ಶಾಲೆಗೆ ಕಳಿಸದೆ ಮನೆಯಲ್ಲೇ ಬೆಳೆಸಿ ಕಲಿಸಿದರು. ಮಕ್ಕಳಿಗಾಗಿ ಕಾರಂತರು 1936ರಷ್ಟು ಹಿಂದೆಯೇ 'ಬಾಲಪ್ರಪಂಚ'ದ ಮೂರು ಸಂಪುಟ ಬರೆದವರು. ಅವರ ಮಗ ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನಕ್ಕೆ ಜಗತ್ತಿನಲ್ಲೇ ಹೆಸರಾದರು. ಇತ್ತೀಚಿನ ಮಾತು ಹೇಳಬೇಕೆಂದರೆ, ದಿಲ್ಲಿಯ ಸಹಲ್ ಕೌಶಿಕ್ ಎಂಬ ಹುಡುಗ ತಾಯಿಯ ಹತ್ತಿರ ಮನೆಯಲ್ಲೇ ಕಲಿತು 2010ರ ಐ.ಐ.ಟಿ. ಪ್ರವೇಶ ಪರೀಕ್ಷೆಯಲ್ಲಿ ದೇಶಕ್ಕೆ 33ನೆಯವನಾದ. ಆಗ ಅವನ ವಯಸ್ಸು 14.

ಆದರೆ ಇಂಥ ಕಥೆ ಕೇಳಿ ಮರುಳಾಗಬೇಡಿರಿ. ಕಾರಂತರ ಮನೆ ಕಾರಂತರದು, ಆ ದಿಲ್ಲಿಯ ತಾಯಿ ಸ್ವತಃ ಡಾಕ್ಟರು. ನನ್ನ ಮಗ ಐ.ಐ.ಟಿ. ಸೇರಲಿ ಎಂದು ನಾನು ಇದನ್ನು ಮಾಡಿದ್ದಲ್ಲ. ಓದಿದ್ದು ತಿಳಿಯಲಿ, ಕಲಿಯುವುದೆಂದರೆ ಹೊಟ್ಟೆನೋವು ಬರದಿರಲಿ ಎಂಬಷ್ಟೇ ನನ್ನ ಆಸೆ.

ನಮ್ಮ ದಿನಚರಿ

ನಮ್ಮಲ್ಲಿ ಗಂಟೆ ಬಾರಿಸುವುದಿಲ್ಲ. ಬೆಳಿಗ್ಗೆ ಮಗಳ ಡಬ್ಬಿ, ಯಜಮಾನರ ನಾಷ್ಟಾ, ಅತ್ತೆಯವರ ಪೂಜೆಯ ತಯಾರಿ ಮುಗಿಯುವ ತನಕ ಮಗ ಅಜ್ಜನ ಹತ್ತಿರ ಇರುತ್ತಾನೆ. ಅಜ್ಜನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಇವನು ಪೇಪರು ಓದಿ ಹೇಳಬೇಕು. ತಪ್ಪು ಓದಿದರೆ ಅಜ್ಜ ಬಿಡುವುದಿಲ್ಲ. ಇದು ಪಾಠ ಎಂದು ಅವನಿಗೆ ಇನ್ನೂ ಗೊತ್ತಿಲ್ಲ!

ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ ಕುಳಿತು ಕಲಿಯುವ ಹೊತ್ತು. "ಎರಡ ತಾಸಿನಾಗ ಏನು ಕಲೀತಾನ?" ಎನ್ನುತ್ತೀರಾ? ಇಲ್ಲಿ ವಿದ್ಯಾರ್ಥಿ ಒಬ್ಬನೇ. ಹಾಜರಿ ಕೂಗುವುದಿಲ್ಲ, ಗದ್ದಲ ಸುಮ್ಮನಾಗಿಸುವುದಿಲ್ಲ. ಒಂದು ಲೆಕ್ಕ ತಿಳಿಯುವ ತನಕ ಮುಂದಿನ ಲೆಕ್ಕಕ್ಕೆ ಹೋಗುವುದಿಲ್ಲ, ತಿಳಿದದ್ದನ್ನು ಹತ್ತು ಸಲ ಬರೆಸುವುದೂ ಇಲ್ಲ. ಸರಕಾರದ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೇ ಇಟ್ಟುಕೊಂಡಿದ್ದೇವೆ. ಇಂಗ್ಲಿಷನ್ನು ಭಾಷೆಯೆಂದು ಬೇರೆಯಾಗಿ ಸಂಜೆ ಅಕ್ಕ ಕಲಿಸುತ್ತಾಳೆ.

ಮಾರನೆಯ ದಿನದ ಪಾಠವನ್ನು ನಾನು ಹಿಂದಿನ ರಾತ್ರಿಯೇ ಓದಿಕೊಳ್ಳುತ್ತೇನೆ. ಈಗಿನ ಲೆಕ್ಕಗಳು ನಾವು ಕಲಿತ ಲೆಕ್ಕಗಳಲ್ಲ. ಕೆಲವು ನನಗೂ ಬಿಡಿಸಲು ಬರುವುದಿಲ್ಲ. "ಅವ್ವಾ, ನಿನಗೂ ಬರೂದಿಲ್ಲೇನು?" ಎಂದು ಕೇಳುತ್ತಾನೆ. "ಬರೂದಿಲ್ಲಪಾ, ಕೂಡಿ ಕಲಿಯೂಣು ಬಾ" ಎನ್ನುತ್ತೇನೆ. ಸಹೋದರಿಯರೇ, ಕಡಿಮೆ ಓದಿದ ತಾಯಿಗೆ ಇದಕ್ಕಿಂತ ದೊಡ್ಡ ಧೈರ್ಯ ಇನ್ನೊಂದಿಲ್ಲ. ಎಲ್ಲ ಬಲ್ಲವರಂತೆ ಕುಳಿತರೆ ಎರಡೇ ತಿಂಗಳಿಗೆ ಸೋಲುತ್ತೇವೆ. ಕೂಡಿ ಕಲಿಯುತ್ತೇವೆ ಎಂದು ಕುಳಿತರೆ ಹಾದಿ ಉದ್ದಕ್ಕೂ ಸಾಗುತ್ತದೆ.

ಅಡಿಗೆಮನೆಯಲ್ಲಿ ಲೆಕ್ಕಕ್ಕೆ ಬರಗಾಲವಿಲ್ಲ. ಭಿನ್ನರಾಶಿ ಕಲಿಸಿದವರು ನನ್ನ ಅತ್ತೆ. ಅವರ ಬಾಯಲ್ಲಿ ಇಂದಿಗೂ ಪಾವಶೇರು, ಅಚ್ಛೇರು, ಸೇರು. ಹದಿನಾರು ಚಟಾಕಿಗೆ ಒಂದು ಸೇರು. ಹಾಗಾದರೆ ಪಾವಶೇರಿಗೆ ಎಷ್ಟು ಚಟಾಕು, ಅಚ್ಛೇರಿಗೆ ಎಷ್ಟು? ಕಾಲು, ಅರ್ಧ ಎಂಬುದು ಪುಸ್ತಕದಿಂದ ಇಳಿದು ಕೈಗೆ ಬಂತು. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಮಗನ ಕೆಲಸ. ಒಳಗಿನ ಗ್ಯಾಸು 14.2 ಕಿಲೋ, ನಮಗೆ ಬಂದದ್ದು 35 ದಿನ. ಭಾಗಿಸಿ ನೋಡಿದರೆ ದಿನಕ್ಕೆ 400 ಗ್ರಾಮಿಗಿಂತ ಚೂರು ಹೆಚ್ಚು. ದಶಾಂಶ ಕಲಿತಂತೆಯೂ ಆಯಿತು, ಹೊರಗೆ ಹೋಗುವಾಗ ಒಲೆ ಆರಿಸುವ ಬುದ್ಧಿಯೂ ಬಂತು. ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲನ್ನು ಎರಡು ಬಟ್ಟಲಲ್ಲಿ ಇಟ್ಟೆವು. ಒಂದನ್ನು ಅರಿವೆ ಸುತ್ತಿ ಒಲೆಯ ಪಕ್ಕಕ್ಕೆ, ಇನ್ನೊಂದನ್ನು ಕಿಟಕಿಯ ಹತ್ತಿರ. ಬೆಳಿಗ್ಗೆ ಒಂದು ಗಟ್ಟಿ ಮೊಸರು, ಇನ್ನೊಂದು ಹಾಲೂ ಅಲ್ಲ, ಮೊಸರೂ ಅಲ್ಲ! ಯಾಕೆ ಎಂದು ಅವನೇ ಕೇಳಿದ. ಪುಸ್ತಕದ ಸೂಕ್ಷ್ಮಜೀವಿಗಳ ಪಾಠ ತೆಗೆದದ್ದು ಆಮೇಲೆ.

ಮಧ್ಯಾಹ್ನ ಪಾಠವಿಲ್ಲ. ಅವನು ಕಥೆಪುಸ್ತಕ ಓದುತ್ತಾನೆ, ಇಲ್ಲವೆ ಹಳೆಯ ರೇಡಿಯೋ ಬಿಚ್ಚಿ ಕೂಡುತ್ತಾನೆ. ನಾನು ಅರ್ಧ ತಾಸು ಬೆನ್ನು ನೆಲಕ್ಕೆ ಹಚ್ಚುತ್ತೇನೆ. ಈ ಅರ್ಧ ತಾಸನ್ನು ಯಾರಿಗೂ ಬಿಟ್ಟುಕೊಡಬೇಡಿರಿ. ಸಂಜೆ ಓಣಿಯ ಹುಡುಗರ ಕೂಡ ಆಟ, ವಾರಕ್ಕೆ ಎರಡು ದಿನ ತಬಲಾ ಕ್ಲಾಸು.

ಊರೇ ದೊಡ್ಡ ಪುಸ್ತಕ

ಹುಬ್ಬಳ್ಳಿ-ಧಾರವಾಡದಲ್ಲಿ ಇರುವವರಿಗೆ ಕಲಿಸುವ ಸಾಮಗ್ರಿಗೆ ಕೊರತೆಯಿಲ್ಲ. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರಂ 1,507 ಮೀಟರು. 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗ ಜಗತ್ತಿನಲ್ಲೇ ಉದ್ದದ್ದು ಎಂದು ಹೆಸರಾಯಿತು. ಅದಕ್ಕೆ ಮುಂಚೆ ಆ ಕೀರ್ತಿ ಗೋರಖಪುರದ್ದು, 1,366 ಮೀಟರು. ಎಷ್ಟು ಹೆಚ್ಚು? ಕಳೆಯುವ ಲೆಕ್ಕ. ಮಗ ಮನೆಯಲ್ಲಿ ಟೇಪು ಹಿಡಿದು ತನ್ನ ಒಂದು ಹೆಜ್ಜೆ ಅರ್ಧ ಮೀಟರು ಎಂದು ಅಳೆದುಕೊಂಡ. ಅಂದರೆ 3,014 ಹೆಜ್ಜೆ ಆಗಬೇಕು. ಪ್ಲಾಟ್‌ಫಾರಂ ಟಿಕೀಟು ತೆಗೆಸಿ ಈ ತುದಿಯಿಂದ ಆ ತುದಿಗೆ ನಡೆದು ಎಣಿಸಿದರೆ 3,160 ಆಯಿತು! "ದಣದ ಮ್ಯಾಲ ಹೆಜ್ಜಿ ಸಣ್ಣ ಆಗ್ಯಾವು" ಎಂದು ಅವನೇ ಕಾರಣ ಹುಡುಕಿದ.

ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಧ್ವಜಕ್ಕೆ ಒಂಬತ್ತು ಅಳತೆಗಳು. ಅತಿ ದೊಡ್ಡದು 6,300 ಮಿಲಿಮೀಟರ್ ಉದ್ದ, 4,200 ಅಗಲ. ಅತಿ ಸಣ್ಣದು 150 ಉದ್ದ, 100 ಅಗಲ. ಯಾವುದನ್ನು ಭಾಗಿಸಿದರೂ ಮೂರಕ್ಕೆ ಎರಡು. ಅನುಪಾತ ಎಂಬ ಶಬ್ದ ಮಗನಿಗೆ ತಿಳಿದದ್ದು ಅದರಿಂದ. ನಡುವಿನ ಚಕ್ರಕ್ಕೆ 24 ಕಡ್ಡಿ. ಎರಡು ಕಡ್ಡಿಗಳ ನಡುವಿನ ಕೋನ ಎಷ್ಟು? 360ನ್ನು 24ರಿಂದ ಭಾಗಿಸಿದರೆ 15 ಡಿಗ್ರಿ. ಅಗಸ್ಟ್ 15ಕ್ಕೆ ಕಾಗದದ ಮೇಲೆ ಕೋನಮಾಪಕ ಹಿಡಿದು ಚಕ್ರ ಬರೆದ.

ಭೂಗೋಲ ನಮ್ಮ ನಳದಿಂದಲೇ ಶುರುವಾಯಿತು. ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ, ಬಂದ ದಿನ ಮನೆಯವರೆಲ್ಲರಿಗೂ ಕೊಡ ಹಿಡಿಯುವ ಕೆಲಸ. "ಈ ನೀರು ಎಲ್ಲಿಂದ ಬರ್ತದವಾ?" ಮಲಪ್ರಭೆಯಿಂದ, ಸವದತ್ತಿಯ ಹತ್ತಿರದ ನವಿಲುತೀರ್ಥದ ಜಲಾಶಯದಿಂದ. ನಕ್ಷೆ ಬಿಡಿಸಿದೆವು. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಒಂದು ರವಿವಾರ ಧಾರವಾಡದ ಸೋಮೇಶ್ವರ ಗುಡಿಗೆ ಹೋದೆವು. ಅಲ್ಲಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಹರಿದು, ಬೇಡ್ತಿ ಎನಿಸಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತಾಳೆ. ಕುಡಿಯುವ ನೀರಿನ ನದಿ ಮೂಡಣದ ಕಡಲಿಗೆ, ಧಾರವಾಡದ ಒರತೆ ಪಡುವಣದ ಕಡಲಿಗೆ! ಅಂದು ರಾತ್ರಿ ನಕ್ಷೆಯ ಮೇಲೆ ಬೆರಳಾಡಿಸುತ್ತಲೇ ಹುಡುಗ ನಿದ್ದೆ ಹೋದ.

ಜನ ಏನನ್ನುತ್ತಾರೆ?

ಅನ್ನದೆ ಇರುತ್ತಾರೆಯೇ? ನನ್ನ ನಾದಿನಿ ಬಂದಾಗ ಮೊದಲು ಕೇಳಿದ್ದು, "ವೈನೀ, ಸಾಲೀಗೆ ಹೋಗದಾಂವಗ ನಾಳೆ ಹೆಣ್ಣು ಯಾರು ಕೊಡ್ತಾರ?" ಲಗ್ನದ ಮನೆಗಳಲ್ಲಿ ಯಾರಾದರೊಬ್ಬರು ಹುಡುಗನನ್ನು ನಿಲ್ಲಿಸಿ ಹದಿನೇಳರ ಮಗ್ಗಿ ಕೇಳುತ್ತಾರೆ. ಶಾಲೆಗೆ ಹೋಗುವ ಮಕ್ಕಳನ್ನು ಯಾರೂ ಹೀಗೆ ನಿಲ್ಲಿಸಿ ಪರೀಕ್ಷೆ ಮಾಡುವುದಿಲ್ಲ ನೋಡಿ!

ಶಾಲೆಯಿಂದ ಹೊರಗುಳಿದ ಮಕ್ಕಳ ಸರ್ವೇಕ್ಷಣೆಗೆ ಸರಕಾರಿ ಶಾಲೆಯ ಅಕ್ಕೋರು ಒಬ್ಬರು ಬಂದಿದ್ದರು. ಅದು ಅವರ ಕರ್ತವ್ಯ. ದಿನಾಂಕ ಹಾಕಿಟ್ಟ ವಹಿಗಳನ್ನು ತೋರಿಸಿದೆ. ಅಕ್ಕೋರು ಚಹಾ ಕುಡಿಯುತ್ತ ಮಗನಿಂದ ಒಂದು ಪುಟ ಓದಿಸಿ, ನಾಲ್ಕು ಲೆಕ್ಕ ಮಾಡಿಸಿ, "ಬಿಡಬ್ಯಾಡ್ರಿ, ಹಿಂಗ ನಡಸ್ರಿ" ಎಂದು ಬರೆದುಕೊಂಡು ಹೋದರು.

ಕಾನೂನಿನ ಮಾತನ್ನೂ ತಿಳಿದಿರಬೇಕು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯ. ಸೇರಿಸದ ತಂದೆತಾಯಿಗೆ ಆ ಕಾಯಿದೆಯಲ್ಲಿ ಶಿಕ್ಷೆ ಹೇಳಿಲ್ಲ. ಮನಃಪೂರ್ವಕವಾಗಿ ಮನೆಯಲ್ಲಿ ಕಲಿಸುವವರಿಗೆ ಕಾಯಿದೆ ಅಡ್ಡಬರುವುದಿಲ್ಲ ಎಂದು 2012ರಲ್ಲಿ ಕೇಂದ್ರ ಸರಕಾರ ದಿಲ್ಲಿ ಹೈಕೋರ್ಟಿಗೆ ತಿಳಿಸಿತ್ತು. ಅದೇ ಕಾಯಿದೆ ಇನ್ನೊಂದು ಅನುಕೂಲವನ್ನೂ ಕೊಟ್ಟಿದೆ. ಮಧ್ಯದಲ್ಲಿ ಮನಸ್ಸು ಬದಲಾದರೆ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಅಂದರೆ ಹಿಂದಿರುಗುವ ಬಾಗಿಲು ಮುಚ್ಚಿಲ್ಲ.

ಜನರ ಮಾತಿಗಿಂತ ನನ್ನನ್ನು ಕಾಡಿದ್ದು ಮಗನದೇ ಒಂದು ಪ್ರಶ್ನೆ. ಒಂದು ಸಂಜೆ ಆಟದಿಂದ ಬಂದವನು, "ಅವ್ವಾ, ನಿನ್ನ ಸಾಲಿ ಹೆಸರೇನು ಅಂತ ಕೇಳಿದರ ಏನು ಹೇಳ್ಲಿ?" ಎಂದ. ಸಮವಸ್ತ್ರ, ಗ್ಯಾದರಿಂಗಿನ ನಾಟಕ, ಒಂದೇ ಬೆಂಚಿನ ಗೆಳೆಯ, ಇವನ್ನೆಲ್ಲ ಯಾವ ತಾಯಿಯೂ ಮನೆಯಲ್ಲಿ ಹೊಲಿದು ಕೊಡಲಾರಳು. "ಮನ್ಯಾಗ ಕಲೀತೀನಿ ಅಂತ ಇದ್ದದ್ದ ಹೇಳು, ಅದರಾಗ ನಾಚಿಕಿ ಇಲ್ಲ" ಎಂದೆ. ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಪ್ರತಿ ಮೇ ತಿಂಗಳಲ್ಲಿ "ಈ ವರ್ಷ ಸಾಲಿಗೆ ಹೋಗ್ತೀಯೇನು?" ಎಂದು ಅವನನ್ನೇ ಕೇಳುತ್ತೇವೆ. ಹೂಂ ಎಂದರೆ ಜೂನಿಗೆ ಕಳಿಸುವುದು. ಕಳೆದ ಸಲ ಎರಡು ದಿನ ವಿಚಾರ ಮಾಡಿ, "ಹತ್ತನೇ ಪರೀಕ್ಷಾ ಮನ್ಯಾಗಿಂದ ಕೊಡ್ತೀನಿ, ಆಮ್ಯಾಲ ಕಾಲೇಜಿಗೆ ಹೋಗ್ತೀನಿ" ಎಂದ.

ಇದರ ಬೆಲೆ

ಫೀ ಉಳಿಯುತ್ತದೆ ಎಂದು ಈ ಕೆಲಸಕ್ಕೆ ಇಳಿಯಬೇಡಿರಿ. ನಾನು ಮೊದಲು ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದೆ. ಅದು ನಿಂತಿತು, ನನ್ನ ಕೈಖರ್ಚಿನ ರೊಕ್ಕವೂ ನಿಂತಿತು. ತವರುಮನೆಗೆ ಹೋದರೆ ಪುಸ್ತಕದ ಚೀಲ ಜೊತೆಗೆ. ತಾಯಿಯೂ ಟೀಚರೂ ಒಬ್ಬಳೇ ಆದಾಗ ಮಗುವಿಗೆ ತಾಯಿಯ ಹತ್ತಿರ ಟೀಚರಿನ ಮೇಲೆ ದೂರು ಹೇಳುವ ದಾರಿಯೇ ಇರುವುದಿಲ್ಲ! ಅದಕ್ಕೇ ನಮ್ಮಲ್ಲಿ ಒಂದು ನಿಯಮ: ಯಾರಿಗೆ ಸಿಟ್ಟು ಬಂದರೂ ಪುಸ್ತಕ ಮುಚ್ಚುವುದು. ಮಾವನವರ ಕಾಗದ ಓದು, ಅತ್ತೆಯ ಸೇರು-ಚಟಾಕು, ಮಗಳ ಇಂಗ್ಲಿಷು, ಯಜಮಾನರು ರವಿವಾರ ಅಂಗಡಿ ಬಿಟ್ಟು ಸುತ್ತಾಡಿಸುವುದು, ಇವಿಲ್ಲದೆ ಒಬ್ಬಳಿಂದ ಇದು ಆಗುವ ಕೆಲಸವಲ್ಲ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಹೆಣ್ಣುಮಗಳನ್ನು ಶಾಲೆ ಬಿಡಿಸಿ ಪಾತ್ರೆ, ಕೂಸು ನೋಡಿಕೊಳ್ಳಲು ಇಟ್ಟುಕೊಳ್ಳುವುದಕ್ಕೆ ಮನೆಪಾಠ ಎಂಬ ನೆಪ ಬೇಡವೇ ಬೇಡ. ಮನೆಯಿಂದ ಹೊರಗೆ ಹೋಗಲು ಎಷ್ಟೋ ಹುಡುಗಿಯರಿಗೆ ಶಾಲೆಯೊಂದೇ ಬಾಗಿಲು. ಎಷ್ಟೋ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವೂ ಅಲ್ಲಿಯೇ.

ಸರ್ಟಿಫಿಕೇಟಿನ ದಾರಿ

ಎಲ್ಲರ ಕೊನೆಯ ಪ್ರಶ್ನೆ ಇದೇ. ಕೇಂದ್ರ ಸರಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್.ಐ.ಓ.ಎಸ್. ಎಂದು ಕರೆಯುತ್ತಾರೆ, 1989ರಲ್ಲಿ ಆರಂಭವಾದದ್ದು. ಹತ್ತನೆಯ ತರಗತಿಗೆ ಸಮನಾದ ಅದರ ಪರೀಕ್ಷೆಗೆ ಹೆಸರು ಹಚ್ಚಲು 14 ವರ್ಷ ತುಂಬಿರಬೇಕು. ಹಿಂದಿನ ತರಗತಿಯ ಪ್ರಮಾಣಪತ್ರ ಇಲ್ಲದಿದ್ದರೆ, ಓದುವಷ್ಟು ತಿಳಿವಳಿಕೆ ನನಗಿದೆ ಎಂದು ಸ್ವಯಂ ಘೋಷಣೆ ಬರೆದುಕೊಟ್ಟರೆ ನಡೆಯುತ್ತದೆ. ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಭಾಷೆಗಳಲ್ಲಿ ಕನ್ನಡವೂ ಇದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ. ಐದು ವರ್ಷದೊಳಗೆ ಒಂಬತ್ತು ಅವಕಾಶ, ಪಾಸಾದ ವಿಷಯ ಪಾಸಾದಂತೆಯೇ ಉಳಿಯುತ್ತದೆ. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ.ಗೂ ಖಾಸಗಿ ಅಭ್ಯರ್ಥಿಯಾಗಿ ಕೂಡುವ ಅವಕಾಶವಿದೆ.

ಇಲ್ಲೊಂದು ಗುಟ್ಟು ಹೇಳಲೇ? ಮುಕ್ತ ಶಾಲೆಗೆ ಮೇಲಿನ ವಯಸ್ಸಿನ ಮಿತಿ ಇಲ್ಲ. ಲಗ್ನವಾಗಿ ಓದು ಅರ್ಧಕ್ಕೆ ಬಿಟ್ಟ ನಮ್ಮಂಥವರೂ ಹನ್ನೆರಡನೆಯದಕ್ಕೆ ಹೆಸರು ಹಚ್ಚಬಹುದು. ಮಗನಿಗಾಗಿ ಪುಸ್ತಕ ಹಿಡಿದ ಕೈ ತನಗಾಗಿಯೂ ಹಿಡಿಯಬಾರದೇಕೆ?

ಮನಸ್ಸು ಮಾಡುವ ಮುಂಚೆ ಇಷ್ಟು ನೆನಪಿಡಿರಿ

1. ಮಗು ಓದಲಾರದಿದ್ದರೆ ಮೊದಲು ಕಣ್ಣು, ಕಿವಿ ತೋರಿಸಿರಿ. ಅಕ್ಷರ ಬಹಳ ತಿರುವುಮುರುವಾಗುತ್ತಿದ್ದರೆ ಧಾರವಾಡದ ಡಿಮ್ಹಾನ್ಸ್‌ನಂಥ ಆಸ್ಪತ್ರೆಯಲ್ಲಿ ಮನಃಶಾಸ್ತ್ರಜ್ಞರ ಸಲಹೆ ಪಡೆಯಿರಿ. ಶಾಲೆ ಬಿಡಿಸುವುದು ಎಲ್ಲ ಬೇನೆಗೂ ಮದ್ದಲ್ಲ.

2. ಮನೆಯ ಹಿರಿಯರ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿರಿ. ಮಗುವಿನ ಒಪ್ಪಿಗೆ ಎಲ್ಲಕ್ಕಿಂತ ಮೊದಲು.

3. ಶಾಲೆಯಿಂದ ವರ್ಗಾವಣೆ ಪತ್ರ ತಪ್ಪದೆ ಪಡೆದು, ಜನನ ಪ್ರಮಾಣಪತ್ರ, ಆಧಾರದ ಜೊತೆ ಒಂದೇ ಕಡೆ ಇಡಿರಿ.

4. ದಿನದ ಪಾಠಕ್ಕೆ ದಿನಾಂಕ ಹಾಕಿ ವಹಿಗಳನ್ನು ಕಾಯ್ದಿಡಿರಿ. ಕೇಳಿದವರಿಗೆ ಅದೇ ಉತ್ತರ.

5. ಸಂಜೆಯ ಆಟ, ಬೇರೆ ಮಕ್ಕಳ ಸಂಗ ಒಂದು ದಿನವೂ ತಪ್ಪಿಸಬೇಡಿರಿ.

6. ವರ್ಷಕ್ಕೊಮ್ಮೆ ಎಲ್ಲರೂ ಕುಳಿತು, ಮುಂದುವರಿಸಬೇಕೋ ಬೇಡವೋ ಎಂದು ಹೊಸದಾಗಿ ವಿಚಾರ ಮಾಡಿರಿ. ಶಾಲೆಗೆ ಮರಳಿ ಕಳಿಸಿದರೆ ಅದು ಸೋಲಲ್ಲ. ಮಗು ಕಲಿಯುವುದು ಮುಖ್ಯ, ಎಲ್ಲಿ ಎಂಬುದು ಆಮೇಲಿನ ಮಾತು.